ಹುಸೇನಬಿಯ ಗೇಣುಮಂದಿ

ಮಾತಾಡಿಸಲು ಯಾರಾದರೂ ಬಗ್ಗಿದರೆ ಹುಸೇನಬಿ ಸುಮ್ಮನಾಗಿಬಿಡುತ್ತಿದ್ದರು. ಎದುರಿಗಿದ್ದವರು ನೆಟ್ಟಗಾಗುವವರೆಗೆ ಕಾಯುತ್ತಿದ್ದರು. ಮೊದಲ ಸಲ ನಾನೂ ಬಗ್ಗಿದ್ದೆ. "ನೆಟ್ಟಗ ನಿಂತ ಮಾತಾಡ್ರಿ ಸರ್ರ. ನಾ ಗಿಡ್ಡ ಇದ್ದೇನಿ, ನನ್ನ ಕಿವಿ ಗಿಡ್ಡ ಇಲ್ಲ" ಎಂದರು.

ಗೋವಾದ ಮಡಗಾಂವಿನ ಮೋತಿ ಡೊಂಗರ್ ಗುಡ್ಡದಲ್ಲಿ, ನಾನು ಬಾಡಿಗೆಗಿದ್ದ ಕೋಣೆಯ ಮೇಲಿನ ಓಣಿಯಲ್ಲಿ ಅವರ ಮನೆ. ಪತ್ರಿಕೆಯೊಂದಕ್ಕೆ ನೀರಿನ ಸುದ್ದಿ ಮಾಡಲು ಆ ಗುಡ್ಡ ಹತ್ತಿದವನು ಅಲ್ಲೇ ಉಳಿದಿದ್ದೆ. ಹುಸೇನಬಿ ನನ್ನ ಸೊಂಟದವರೆಗೆ ಬರುತ್ತಿದ್ದರು. ಹುಟ್ಟಿನಿಂದಲೇ ಬೆಳವಣಿಗೆ ಅಷ್ಟು. ಐವತ್ತು ದಾಟಿತ್ತು, ತಲೆ ನರೆತಿತ್ತು. ಆದರೂ ಬೀದಿಯಲ್ಲಿ ಹೋಗುವವರೆಲ್ಲ ಅವರನ್ನು ಕೂಸನ್ನು ಕರೆದ ಹಾಗೆ ಏಕವಚನದಲ್ಲಿ ಕರೆಯುತ್ತಿದ್ದರು. ಗಂಡ ದಾವಲಸಾಬರು ಮಾರುಕಟ್ಟೆಯಲ್ಲಿ ಹಮಾಲರು, ಎಲ್ಲರಷ್ಟೇ ಎತ್ತರ, ಮಾತು ಬಹಳ ಕಡಿಮೆ. ಇಬ್ಬರೂ ಸವಣೂರು ಕಡೆಯವರು. ಜೋಡಿಯಾಗಿ ಹೊರಟರೆ ಯಾರಾದರೊಬ್ಬ ಹಮಾಲ ಕೆಣಕುವವನೇ: "ಮಗಳನ್ನ ಎಲ್ಲಿಗೆ ಒಯ್ಯಾಕತ್ತಿ ಸಾಬಣ್ಣ?" ದಾವಲಸಾಬರು ನೆಲ ನೋಡುತ್ತಿದ್ದರು. ಉತ್ತರ ಹೆಂಡತಿಯದು: "ಅಂವಗ ದಾರಿ ಗೊತ್ತಿಲ್ಲಪ್ಪ. ನಾನ ಒಯ್ಯಾಕತ್ತೇನಿ."

ಹೋಟೆಲುಗಳಿಗೆ ಬೆಳ್ಳುಳ್ಳಿ ಸುಲಿದುಕೊಡುವುದು ಹುಸೇನಬಿಯ ಕೆಲಸ. ಶಾಲೆ ಬಿಟ್ಟ ಮಕ್ಕಳು ಕಟ್ಟೆಯ ಮೇಲೆ ಸುತ್ತ ಕೂತು ತಾವೂ ಸುಲಿಯುತ್ತಿದ್ದವು, ಕತೆಯ ಆಸೆಗೆ. ಕತೆ ಒಂದೇ, ಅವರೇ ಕಟ್ಟಿದ್ದು, ಮುಗಿಯದ್ದು. ಘಟ್ಟ ಇಳಿದು ಎತ್ತರದವರ ರಾಜ್ಯಕ್ಕೆ ದುಡಿಯಲು ಬಂದ ಗೇಣುದ್ದದ ಮಂದಿಯ ಕತೆ. ಅಲ್ಲಿ ಒಂದೊಂದು ಮೆಟ್ಟಿಲೂ ಗೋಡೆ, ಎತ್ತರದವರು ಸೀನಿದರೆ ಗೇಣುಮಂದಿಯ ಚಪ್ಪರ ಹಾರಿಹೋಗುತ್ತಿತ್ತು. ಆ ರಾಜ್ಯದವರು ಇವರಿಗಿಟ್ಟ ಹೆಸರು "ಘಾಟಿ". ಗೋವಾದಲ್ಲಿ ಘಟ್ಟದ ಮೇಲಿಂದ ಬಂದವರನ್ನು ಹಂಗಿಸುವ ಮಾತದು. ಆ ಮಕ್ಕಳು ಶಾಲೆಯಲ್ಲಿ ಕೇಳಿಸಿಕೊಂಡು ಬರುತ್ತಿದ್ದದ್ದೂ ಅದೇ. ಕತೆಯಲ್ಲಿ ಅದಕ್ಕೆ ಗೇಣವ್ವ ಎಂಬಾಕೆ ಕೊಡುತ್ತಿದ್ದ ಉತ್ತರವನ್ನು ಎಲ್ಲರೂ ಒಟ್ಟಾಗಿ ಹೇಳುತ್ತಿದ್ದರು: "ಹೌದ್ರಿ, ಘಟ್ಟಾ ಇಳದ ಬಂದೇವಿ. ನೀವೊಮ್ಮೆ ಹತ್ತಿ ನೋಡ್ರಿ."

ಒಮ್ಮೆ ಓಣಿಗೆ ನೀರಿನ ನಳ ಕೇಳಲು ಹೆಂಗಸರು ಕಚೇರಿಯೊಂದಕ್ಕೆ ಹೋದರು. ಮುಂದೆ ಹುಸೇನಬಿ, ವರದಿಗೆಂದು ಹಿಂದೆ ನಾನು. ಕಿಟಕಿ ಎತ್ತರದಲ್ಲಿತ್ತು. ಗುಮಾಸ್ತನಿಗೆ ಅರ್ಜಿ ಹಿಡಿದ ಕೈಯೊಂದು ಮಾತ್ರ ಕಂಡಿತು. ಮಕ್ಕಳಾಟ ಬೇಡ, ದೊಡ್ಡವರನ್ನು ಕಳಿಸು ಎಂದು ಕೊಂಕಣಿಯಲ್ಲಿ ಗದರಿದ. ಸಾಲಿನಲ್ಲಿದ್ದವರು ನಕ್ಕರು. ಒಬ್ಬಾತ, ಒಳ್ಳೆಯ ಮನಸ್ಸಿನಿಂದಲೇ, ಎತ್ತಿ ತೋರಿಸಲು ಅವರ ಕಂಕುಳಿಗೆ ಕೈ ಹಾಕಿದ. ಹುಸೇನಬಿ ಆ ಕೈ ತೆಗೆಸಿ, ಅರ್ಧ ಕೊಂಕಣಿ ಅರ್ಧ ಕನ್ನಡದಲ್ಲಿ ಕಿಟಕಿಗೆ ಹೇಳಿದರು: "ದೊಡ್ಡಾಕಿ ನಾನ ಬಂದೇನಿ. ಅಲ್ಲಿಂದ ಕಾಣೂದಿಲ್ಲ ಅಂದ್ರ ಹೊರಗ ಬರ್ರಿ."

ಗುಮಾಸ್ತ ಹೊರಬಂದು ಅರ್ಜಿ ತೆಗೆದುಕೊಂಡ. "ಘಾಟಿ" ಎಂದು ಗೊಣಗಿದ್ದೂ ಕೇಳಿಸಿತು. ನಳ ಬರಲಿಲ್ಲ.

ಆ ಸಂಜೆ ಕತೆಯೊಳಗೆ ಒಂದು ನ್ಯಾಯದ ಗಂಟೆ ಬಂತು. ಅದರ ಹಗ್ಗ ಜಗ್ಗಿದವರಿಗಷ್ಟೇ ನ್ಯಾಯ, ಹಗ್ಗವೋ ಮುಗಿಲಿನಲ್ಲಿ. ಗೇಣವ್ವಗೆ ಮಂತ್ರದ ನೀರು ಕುಡಿಸಿ ಎತ್ತರ ಮಾಡು ಎಂದಳು ಸವಿತಾ ಎಂಬ ಹುಡುಗಿ. ಹುಸೇನಬಿ ಒಪ್ಪಲಿಲ್ಲ. ಹಾಗಾದರೆ ಒಬ್ಬರ ಹೆಗಲ ಮೇಲೊಬ್ಬರು ಹತ್ತಲಿ ಎಂದಳು. ಅದಕ್ಕೂ ಇಲ್ಲ.

"ಬುಡಕ ನಿಂತಾಕಿ ಏನ ಪಾಪಾ ಮಾಡ್ಯಾಳ? ಗೇಣವ್ವ ಹತ್ತೂದೂ ಇಲ್ಲ, ಬೆಳ್ಯೂದೂ ಇಲ್ಲ. ಹಗ್ಗಾ ಉದ್ದ ಮಾಡ್ರಿ ಅಂತಾಳ. ದಿನಾ ಹೋಗಿ ಅದನ್ನ ಅಂತಾಳ."

"ಮಾಡ್ತಾರೇನ?"

"ಇನ್ನೂ ಮಾಡಿಲ್ಲವ್ವ," ಎಂದು ಇನ್ನೊಂದು ಗಡ್ಡೆ ಬಿಡಿಸಿದರು.

ಕಳೆದ ಮಳೆಗಾಲ ಹುಸೇನಬಿಗೆ ಜ್ವರ ಬಂತು, ಉಸಿರು ಕಟ್ಟಿತು. ಆಸ್ಪತ್ರೆಗೆ ಹೋದವರು ಮರಳಲಿಲ್ಲ.

ತೀರಿಕೊಂಡ ದಿನ ಮಧ್ಯಾಹ್ನ ಶವವಿದ್ದ ಜನಾಜಾವನ್ನು ಮಸೀದಿಯ ಅಂಗಳದಲ್ಲಿ ಇಟ್ಟರು. ನಾನು ಗೇಟಿನ ಹತ್ತಿರ ನಿಂತಿದ್ದೆ. ನಮಾಜಿಗೆ ನಿಂತವರಲ್ಲಿ ಹೆಚ್ಚಿನವರಿಗೆ ಹುಸೇನಬಿಯ ಪರಿಚಯವಿರಲಿಲ್ಲ. ಮೌಲವಿಗಳು ನಮ್ಮ ಸೀಮೆಯವರೇ, ಆದರೆ ಮಡಗಾಂವಿಗೆ ಹೊಸಬರು. ಚಾದರದಡಿಯ ಆ ಸಣ್ಣ ಆಕಾರ ನೋಡಿ, ಮಯ್ಯತ್ ಚಿಕ್ಕ ಹುಡುಗಿಯದು, ಮಕ್ಕಳ ದುವಾ ಓದಬೇಕು ಎಂದು ಸಾಲುಗಳಿಗೆ ಸಾರಿದರು. ದೊಡ್ಡವರ ದುವಾದಲ್ಲಿ ಸತ್ತವರ ಪಾಪಕ್ಕೆ ಕ್ಷಮೆ ಬೇಡುತ್ತಾರೆ. ಮಕ್ಕಳಿಗೆ ಪಾಪವಿಲ್ಲ, ಅವರಿಗಾಗಿ ಓದುವುದೇ ಬೇರೆ.

ಮುಂದಿನ ಸಾಲಿನಿಂದ ದಾವಲಸಾಬರು ಒಂದು ಹೆಜ್ಜೆ ಹೊರಬಂದರು.

"ತಡೀರಿ ಹಜರತ್. ಕೂಸಲ್ಲರಿ ಅದು. ನನ್ನ ಹೇಣ್ತಿ."

ಮೌಲವಿಗಳು ತಿರುಗಿ ನೋಡಿದರು.

"ಎಲ್ಲಾರಂಗ ಬದುಕ್ಯಾಳರಿ. ಜಗಳಾ ಮಾಡ್ಯಾಳ, ಸುಳ್ಳ ಹೇಳ್ಯಾಳ, ನನ್ನ ಬೈದಾಳ. ಆಕಿ ಪಾಪಾ ಆಕಿಗಿ ಅದಾವು. ದೊಡ್ಡವರ ದುವಾ ಓದ್ರಿ."

ಮೌಲವಿಗಳು ತಮ್ಮಿಂದ ತಪ್ಪಾಯಿತೆಂದರು. ಸಾಲುಗಳ ಕಡೆ ತಿರುಗಿ, ಮಯ್ಯತ್ ಪ್ರಾಯದ ಹೆಣ್ಣುಮಗಳದು, ದೊಡ್ಡವರ ದುವಾ ಎಂದು ಮತ್ತೆ, ಕೊನೆಯ ಸಾಲಿಗೂ ಕೇಳುವ ಹಾಗೆ, ಸಾರಿದರು. ದಾವಲಸಾಬರು ಸಾಲಿಗೆ ಮರಳಿ ಕೈ ಕಟ್ಟಿದರು.