ರಾಮಾಂಜಿನಪ್ಪನ ವೀಸಾ ತಾಲೀಮು
ಗೌರಿಬಿದನೂರಿನ ಬಸ್‌ಸ್ಟ್ಯಾಂಡ್ ಎದುರು ವೀಸಾ ಅರ್ಜಿ ತುಂಬಿಕೊಡುವ ರಾಮಾಂಜಿನಪ್ಪನಿಗೆ ಅರ್ಜಿಗಿಂತ ತಾಲೀಮೇ ಮುಖ್ಯ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳು ಆಯಸ್ಸಿದೆಯೇ ಎಂದು ನಾಡಿ ಹಿಡಿದವನಂತೆ ನೋಡುತ್ತಾನೆ. ಫೋಟೊದಲ್ಲಿ ಕಿವಿ ಕಾಣದಿದ್ದರೆ ಹೊಸ ಮದುಮಗಳನ್ನೂ ಸ್ಟುಡಿಯೋಗೆ ವಾಪಸ್ ಅಟ್ಟುತ್ತಾನೆ. ಆಮೇಲೆ ತಾನೇ ಪರದೇಶದ ಅಧಿಕಾರಿಯಾಗಿ ಗದರುತ್ತಾನೆ: “ಯಾಕಮ್ಮ ಬಂದೆ ನಮ್ ದೇಶಕ್ಕೆ?” ತಡವರಿಸಿದವರಿಗೆ ಮತ್ತೆ ಮೊದಲಿಂದ ಪಾಠ. ಮೊನ್ನೆ ಶ್ರೀಲಂಕಾ ಯಾತ್ರೆಗೆ ಹೊರಟಿದ್ದ, ಅವನ ಹಳ್ಳಿಯದೇ ದಲಿತ ಕೇರಿಯ, ಬೌದ್ಧರಾದ ಮನೆಯ ಅಶ್ವತ್ಥಮ್ಮ ಮಾತ್ರ ತಡವರಿಸಲಿಲ್ಲ. “ಬುದ್ಧನ ಅರಳಿಮರದ ಕೊಂಬೆ ಇಲ್ಲಿ ನೆಟ್ಟವ್ರಂತೆ, ಅದನ್ನ ಮುಟ್ಟಕ್ಕೆ ಬಂದಿದೀನಿ ಸಾಮಿ.” “ಅರಳಿಮರ ನಿಮ್ಮೂರಲ್ಲಿಲ್ವೇನಮ್ಮ?” “ಐತಪ್ಪ. ಅದರ ಕಟ್ಟೆ ಹತ್ತಕ್ಕೆ ನೀವು ಊರೋರು ನಮ್ ಕೇರಿಯೋರನ್ನ ಬಿಡ್ಲಿಲ್ವಲ್ಲ.” ಆ ಕಟ್ಟೆಯ ಮೇಲೆಯೇ ಆಡಿ ಬೆಳೆದ ರಾಮಾಂಜಿನಪ್ಪ ಅಧಿಕಾರಿಯ ಗತ್ತು ಬಿಟ್ಟು ಅರ್ಜಿಯನ್ನು ಅವಳತ್ತ ಸರಿಸಿದ. ಮೆಲ್ಲಗೆ ಹೇಳಿದ: “ಅಲ್ಲೂ ಹಿಂಗೇ ಹೇಳಕ್ಕ. ಅವರು ಬಿಡ್ತಾರೆ.”