ಆಚೆ ಜಿಲ್ಲೆಗೆ ಹೋದ ರಿಜಿಸ್ಟರು

ಜಿಲ್ಲಾ ಕಚೇರಿಯ ದಾಖಲೆ ಕೋಣೆಯ ಗುಮಾಸ್ತರನ್ನು ಎಲ್ಲರೂ ಕಡತಪ್ಪ ಎಂದೇ ಕರೆಯುತ್ತಿದ್ದರು. ನಾಲ್ಕು ಸರ್ಕಾರ ಉರುಳಿದ್ದನ್ನು ಅವರು ಅದೇ ಕುರ್ಚಿಯಲ್ಲಿ ಕೂತು ಕಂಡವರು. ಗದ್ದುಗೆ ಏರಿದವರ ಕಣ್ಣು ಮೊದಲು ಬೀಳುವುದು ಜಿಲ್ಲೆಗಳ ಮೇಲೆಯೇ. ಒಬ್ಬ ಎರಡನ್ನು ಕೂಡಿಸಿದರೆ ಇನ್ನೊಬ್ಬ ಒಂದನ್ನು ಸೀಳುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಗುದ್ದಾಟ ಅವರದು, ಗಂಟುಮೂಟೆ ಕಟ್ಟುವುದು ಮಾತ್ರ ಕಡತಗಳು.

ಆ ಕೋಣೆಯ ಮೂರನೇ ಕಪಾಟಿನಲ್ಲಿ ಒಂದು ಮದುವೆ ರಿಜಿಸ್ಟರಿತ್ತು. ಅದರಲ್ಲಿ ಅವರ ಹೆಂಡತಿಯ ಸಹಿ. ಮದುವೆಯಾದ ಎರಡೇ ವರ್ಷಕ್ಕೆ ತೀರಿಕೊಂಡವಳು, ಒಂದು ಫೋಟೋವನ್ನೂ ಬಿಟ್ಟುಹೋಗಿರಲಿಲ್ಲ. ಓದುಬರಹ ಬಾರದವಳು ಸಹಿಗೆಂದೇ ವಾರವಿಡೀ ಸ್ಲೇಟಿನ ಮೇಲೆ ಹೆಸರು ತಿದ್ದಿದ್ದಳು. ಆದರೂ ಕೊನೆಯ ಅಕ್ಷರ ಗೆರೆ ದಾಟಿತ್ತು. ದಿನಾ ಮಧ್ಯಾಹ್ನ ಬುತ್ತಿ ಮುಗಿಸಿ, ಕೈ ಒರೆಸಿಕೊಂಡು, ಅವರು ಆ ಪುಟ ತೆರೆಯುತ್ತಿದ್ದರು. ಮನೆಯಲ್ಲಿ ಮಾತಾಡಿಸುವವರು ಯಾರೂ ಇರಲಿಲ್ಲ.

ನಾಲ್ಕನೆಯ ಸರ್ಕಾರ ಹೊಳೆಯಾಚೆಯ ಊರುಗಳನ್ನೆಲ್ಲ ಹೊಸ ಜಿಲ್ಲೆ ಮಾಡಿತು. ಹೆಂಡತಿಯ ತವರೂ ಅಲ್ಲಿಯದೇ, ಮದುವೆ ನೋಂದಣಿಯಾದದ್ದೂ ಅಲ್ಲೇ. ಆ ಊರುಗಳ ದಾಖಲೆ ಒಂದು ವಾರದಲ್ಲಿ ಲಾರಿ ಹತ್ತಬೇಕೆಂದು ಆದೇಶ ಬಂತು. ಕಡತಪ್ಪ ಬ್ಲೇಡು ಹಿಡಿದು ಆ ಪುಟದ ಮುಂದೆ ಬಹಳ ಹೊತ್ತು ಕೂತರು. ಹಾಳೆಯ ಹಿಂಬದಿಯಲ್ಲಿ ಬೇರೆ ಮೂರು ಜೋಡಿಗಳ ಮದುವೆಯಿತ್ತು.

"ಸಾರ್, ಅದೊಂದೇ ಬಾಕಿ. ಕಟ್ಬಿಡ್ಲಾ?" ಎಂದ ಜವಾನ.

"ಕಟ್ಟಪ್ಪ," ಎಂದರು.

ನಿವೃತ್ತಿಯಾದ ಮರುವಾರವೇ ಬಸ್ಸು ಹತ್ತಿ ಹೊಸ ಜಿಲ್ಲೆಯ ಕಚೇರಿಗೆ ಹೋದರು. ಕಿಟಕಿಯಾಚೆ ಎಳೆಯ ವಯಸ್ಸಿನ ಗುಮಾಸ್ತೆ ಕೂತಿದ್ದಳು.

"ರಿಜಿಸ್ಟರ್ ತೋರ್ಸೋ ಹಾಗಿಲ್ಲ ಅಜ್ಜ. ನಕಲು ಬೇಕಿದ್ರೆ ಅರ್ಜಿ ಕೊಡಿ."

"ಒಂದ್ಸಲ ನೋಡಿ ಕೊಟ್ಬಿಡ್ತೀನಮ್ಮ."

"ನಿಯಮ ಅಜ್ಜ, ನಾನೇನ್ ಮಾಡ್ಲಿ?"

ಇದೇ ಮಾತನ್ನು ಅವರೂ ಎಷ್ಟೋ ಜನರಿಗೆ ಹೇಳಿ ಕಳಿಸಿದವರು. ಅರ್ಜಿ ಬರೆದು ಕೊಟ್ಟು ಬೆಂಚಿನ ಮೇಲೆ ಕಾದರು.

ಎರಡು ಗಂಟೆ ಕಳೆದ ಮೇಲೆ ನಕಲು ಬಂತು. ಅಚ್ಚುಕಟ್ಟಾಗಿ ಟೈಪು ಹೊಡೆದಿದ್ದಳು. ವರನ ಹೆಸರು, ವಧುವಿನ ಹೆಸರು, ತಾರೀಖು, ಎಲ್ಲ ಇತ್ತು. ವಧುವಿನ ಸಹಿಯ ಜಾಗದಲ್ಲಿ 'ಸಹಿ ಇದೆ' ಎಂದಿತ್ತು. ನಕಲಿಗೆ ಹಾಗೆಯೇ ಹೊಡೆಯುವುದು ಕ್ರಮ. ಅವರೇ ಸಾವಿರ ಸಲ ಹೊಡೆದಿದ್ದರು. ಹೆಂಡತಿ ಎರಡನೇ ಸಲ ಸತ್ತಂತಾಯಿತು.

"ಸರಿಯಾಗಿದ್ಯಾ ನೋಡ್ಕೊಳ್ಳಿ ಅಜ್ಜ. ಆಮೇಲೆ ತಪ್ಪಾಗಿದೆ ಅಂತ ಬರ್ಬೇಡಿ."

ಅವರು ಇನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ಓದಿದರು.

"ಒಂದೂ ತಪ್ಪಿಲ್ಲ ತಾಯಿ," ಎಂದರು.