ಹಲಸೂರು ಕೆರೆಯಲ್ಲಿ ನಾನು ಬಾಯಿ ಬಿಡದ ದಿನ

ಮೊನ್ನೆ ಬೆಳಿಗ್ಗೆ ಏಳು ಹತ್ತಾದರೂ ಫೋನು ಸುಮ್ಮನೆ ಕೂತಿತ್ತು. ಏಳಕ್ಕೆ ಸರಿಯಾಗಿ ಹಲಸೂರಿನಿಂದ ಫಿಲೋ ಫೋನ್ ಮಾಡಿ "ಒನ್" ಅನ್ನಬೇಕು. ಹೊರಮಾವಿನ ಫ್ಲಾಟಿನಲ್ಲಿ ನಾನು "ಟೂ" ಎಂದು ಇಟ್ಟುಬಿಡಬೇಕು. ಮದುವೆಯಾಗದ ಇಬ್ಬರು ಮುದುಕಿಯರ ರೋಲ್ ಕಾಲ್. ನಗಬೇಡಿ, ಇದರ ಹಿಂದೊಂದು ದೋಣಿ ಇದೆ.

ತೊಂಬತ್ತರ ದಶಕದ ಮಾತು. ಫಿಲೋ ನನ್ನ ಕಾನ್ವೆಂಟ್ ಕ್ಲಾಸ್‌ಮೇಟ್, ಕಡ್ಡಿಯಂಥ ಹೆಂಗಸು. ಭಾನುವಾರ ಕೆರೆಯಲ್ಲಿ ನಡೆಯುತ್ತಿದ್ದ ಹಾಯಿದೋಣಿ ರೇಸಿನಲ್ಲಿ ಅವಳು ಚುಕ್ಕಾಣಿ ಹಿಡಿಯುವ ಸ್ಕಿಪ್ಪರ್. ಜೊತೆಗೆ ಕ್ರೂ ಒಬ್ಬರು ಬೇಕಿತ್ತು.

"ಗಾಳಿಗೆ ದೋಣಿ ವಾಲಿದಾಗ ಎದುರು ಕಡೆ ಕೂತು ಒತ್ತೋಕೆ ತೂಕ ಬೇಕು ಕಣೇ. ನೀನೇ ಪರ್ಫೆಕ್ಟ್."

ನನ್ನ ತೂಕವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು, ಕರಗಿಹೋದೆ. "ಈಜು ಬರುತ್ತಾ?" ಅಂದಾಗ "ಆಫ್‌ಕೋರ್ಸ್!" ಅಂದೆ. ಶಿವಾಜಿನಗರದವಳು ನಾನು. ರಸೆಲ್ ಮಾರ್ಕೆಟಿನ ಜನಜಂಗುಳಿಯಲ್ಲಿ ಈಜಿದ್ದು ಬಿಟ್ಟರೆ ಬೇರೆ ಈಜು ಕಂಡವಳಲ್ಲ.

ಶಿಸ್ತಿನಲ್ಲಿ ಫಿಲೋ ನಮ್ಮ ಕಾನ್ವೆಂಟ್ ಸಿಸ್ಟರ್‌ಗಳನ್ನೂ ಮೀರಿಸಿದವಳು. ನನ್ನ ಲೈಫ್ ಜಾಕೆಟ್ಟಿನ ಬಕಲ್ ಅವಳೇ ಎಳೆದು ನೋಡಬೇಕು. ದೋಣಿ ಮಗುಚಿದರೆ ಅದನ್ನು ಬಿಟ್ಟು ಹೋಗಕೂಡದು. ತಲೆ ನೀರಿನಿಂದ ಮೇಲೆ ಬಂದ ತಕ್ಷಣ ನಂಬರ್ ಕೂಗಬೇಕು.

"ನಾನು ಒನ್, ನೀನು ಟೂ. ಕೂಗ್ಲಿಲ್ಲಾಂದ್ರೆ ಹಾಯಿ ಕೆಳಗೆ ಸಿಕ್ಕೊಂಡಿದ್ದೀಯ ಅಂತ ಒಳಗೆ ಬರ್ತೀನಿ. ಜಾಕೆಟ್ ಇದ್ರೆ ಮುಳುಗೋಕಾಗಲ್ಲ, ಬರ್ಬೇಕಾದ್ರೆ ನನ್ನದನ್ನ ಬಿಚ್ಬೇಕು. ನೆನಪಿರಲಿ, ಮ್ಯಾಡಮ್."

ಒಂದು ಭಾನುವಾರ ರೇಸಿನ ನಡುವೆ ಗಾಳಿ ತಟ್ಟನೆ ತಿರುಗಿತು. ದೋಣಿ ಮಗುಚಿತು. ಪಾಚಿ ವಾಸನೆಯ ಹಸಿರು ಕತ್ತಲು, ಆಮೇಲೆ ಬೆಳಕು. ಜಾಕೆಟ್ಟು ನನ್ನನ್ನು ಮೇಲೆತ್ತಿತ್ತು. ದೋಣಿಯ ಅಂಚನ್ನು ತಬ್ಬಿ ಹಲ್ಲು ಕಚ್ಚಿಕೊಂಡೆ.

ಆಚೆ ಬದಿಯಿಂದ ಕೂಗು ಬಂತು: "ಒನ್!"

ನನ್ನ ಬಾಯಿ ತೆರೆಯಲಿಲ್ಲ. ತೆರೆದರೆ ಇಡೀ ಕೆರೆ ಒಳಗೆ ನುಗ್ಗುತ್ತದೆ ಅನ್ನಿಸಿತು.

"ಒನ್! ಎಲ್ಲಿದ್ದೀಯೇ? ಮಾತಾಡೇ!"

ಬಕಲ್ ಬಿಚ್ಚಿದ ಟಕ್ ಸದ್ದು. ಸ್ವಲ್ಪ ಹೊತ್ತಿಗೆ ಖಾಲಿ ಕಿತ್ತಳೆ ಜಾಕೆಟ್ಟೊಂದು ನನ್ನ ಕಡೆಗೆ ತೇಲಿಬಂತು. ನಾನು ಕ್ಷೇಮವಾಗಿದ್ದೆ, ನನ್ನನ್ನು ಹುಡುಕಲು ಅವಳು ಹಾಯಿಯ ಕೆಳಗೆ ಹೋಗಿದ್ದಳು.

ಆಗ ಬಾಯಿ ಬಂತು. "ಟೂ! ಟೂ! ಟೂ!" ನೀರಿನಡಿ ಯಾರಿಗೆ ಕೇಳಬೇಕು? ಕಾನ್ವೆಂಟಿನ ಪ್ರೇಯರು, ಅಮ್ಮ ಕಲಿಸಿದ ಶ್ಲೋಕ ಯಾವುದೂ ನೆನಪಾಗಲಿಲ್ಲ, ಆ ಅಂಕೆಯೊಂದೇ. ಕೊನೆಗೆ ಕಾಲಿಗೆ ಸಿಕ್ಕಿಕೊಂಡ ಹಾಯಿಯ ಹಗ್ಗದೊಡನೆ, ಕೆಮ್ಮುತ್ತ ಫಿಲೋ ಮೇಲೆ ಬಂದಳು.

"ಇಲ್ಲೇ ಇದ್ಯಾ?" ಎಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಫಿಲೋ, ನಂಗೆ ಈಜು ಬರಲ್ಲ."

"ಅದು ಫಸ್ಟ್ ಡೇನೇ ಗೊತ್ತಾಯ್ತು, ನೀನು ಮೆಟ್ಟಿಲು ಇಳಿಯೋದ್ನ ನೋಡಿ. ಜಾಕೆಟ್ ಇರೋದೇ ಅದಕ್ಕೆ. ಬಾಯೂ ಬರಲ್ಲ ಅಂತ ಗೊತ್ತಿರ್ಲಿಲ್ಲ ಕಣೇ."

ಮರುದಿನ ಬೆಳಿಗ್ಗೆ ಏಳಕ್ಕೇ ಶುರುವಾಯಿತು ಈ ಫೋನಿನ ರೋಲ್ ಕಾಲ್. ಮೊನ್ನೆ ಏಳೂವರೆಗೆ ನಾನೇ ಫೋನ್ ಮಾಡಿದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ. ರಿಂಗಾಯಿತು, ಆಗುತ್ತಲೇ ಇತ್ತು. ನನ್ನ ಬಳಿಯಿದ್ದ ಅವಳ ಮನೆಯ ಕೀ ಹಿಡಿದು ಆಟೋ ಹತ್ತಿದೆ. ಇಂದಿರಾನಗರದ ಸಿಗ್ನಲ್ಲಿನಲ್ಲಿ ನಿಂತಾಗ, ಅಂದು ದೋಣಿಯ ಆಚೆ ಬದಿಯಲ್ಲಿ ಅವಳಿಗೆ ಕೇಳಿಸಿದ ಮೌನ ನನ್ನ ಕಿವಿಯಲ್ಲೇ ಕೂತಿತ್ತು.

ಬಾಗಿಲು ತೆರೆದು, ಹೊಸ್ತಿಲಿನಿಂದಲೇ ಕೂಗಿದೆ: "ಟೂ!"

ಮನೆಯೊಳಗೆ ಹೋದೆ. ಅಡುಗೆಮನೆ, ಮಲಗುವ ಕೋಣೆ, ಎಲ್ಲೂ ಇಲ್ಲ.

"ಒನ್!" ತಾರಸಿಯ ಮೆಟ್ಟಿಲಿನಿಂದ ದನಿ ಬಂತು. ಹಿಂದೆಯೇ ನೀರಿನ ಮಗ್ಗು ಹಿಡಿದ ಫಿಲೋ ಬಂದಳು. "ಗಿಡಕ್ಕೆ ನೀರು ಹಾಕ್ತಾ ಟೈಮೇ ನೋಡ್ಲಿಲ್ಲ, ಫೋನೂ ಕೆಳಗೇ ಬಿಟ್ಟಿದ್ದೆ. ಅಯ್ಯೋ, ನೈಟೀಲೇ ಬಂದ್ಬಿಟ್ಯಾ?"

ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಬಂದಿದ್ದೆ.

"ಇಲ್ಲೇ ಇದ್ಯಾ?" ಎಂದೆ. ಅಷ್ಟೇ.